ಹಲ್ಲಿನ ಅಂಚಿನ ಮಾತ್ರೆಗಳು

ಮಂಗಳವಾರ ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಠಾಣೆಗೆ ಬಂದ ಹೆಂಗಸು ತನ್ನ ಸೊಸೆಯ ಮೇಲೆಯೇ ದೂರು ಕೊಟ್ಟಳು.

"ನಾಲ್ಕು ದಿನದ ಕೂಸು ಸರ್, ಗಾಳಿಗೆ ಸಿಕ್ಕಿದ ಎಲೆ ಥರ ನಡುಗ್ತಿದೆ. ಮೈಯಲ್ಲಿ ಮತ್ತಿನ ಔಷಧಿ ಇದೆ ಅಂದ್ರು ಡಾಕ್ಟರು. ಅದನ್ನ ತಿಂದೋಳು ನನ್ನ ಸೊಸೆ. ಮಗೂನ ನನ್ನ ಹೆಸರಿಗೆ ಬರ್ಕೊಡಿ."

"ಸೊಸೆ ತಿಂದದ್ದು ನೀವು ನೋಡಿದ್ದೀರಾ?" ಇನ್‌ಸ್ಪೆಕ್ಟರ್ ಕೇಳಿದರು.

"ನೋಡ್ಬೇಕಾ? ಹೆತ್ತೋಳು ಅವಳೇ ತಾನೆ!"

ಎಫ್‌ಐಆರ್ ದಾಖಲಾಯಿತು. ಶುಕ್ರವಾರ 11 ಗಂಟೆಗೆ ಮಕ್ಕಳ ಕಲ್ಯಾಣ ಸಮಿತಿ ಸೇರಲಿತ್ತು. ತಾಯಿ ತಿಳಿದೂ ಮತ್ತಿನ ಪದಾರ್ಥ ಸೇವಿಸಿದ್ದಾಳೆಂದು ಅಷ್ಟರೊಳಗೆ ಸಾಬೀತಾದರೆ ಮಗು ಅವಳ ಮಡಿಲಿನಿಂದ ಹೋಗುತ್ತದೆ. ಜೀಪು ಹತ್ತುವಾಗ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಮೆಲ್ಲಗೆ ಅಂದಳು: "ಅತ್ತೆ ಒಡೆದದ್ದು ಒಡಕು ಮಡಕೆ, ಸೊಸೆ ಒಡೆದದ್ದು ಹೊಸ ಮಡಕೆ. ಈ ಅಜ್ಜಿ ಮಾತನ್ನ ಪೂರ್ತಿ ನಂಬಬೇಡಿ ಸರ್." ಇನ್‌ಸ್ಪೆಕ್ಟರ್ ಅತ್ತೆಯನ್ನೂ ನಂಬಿರಲಿಲ್ಲ, ಸೊಸೆಯನ್ನೂ ನಂಬಿರಲಿಲ್ಲ.

ಆಸ್ಪತ್ರೆಯಲ್ಲಿ ಶಿಶುವಿನ ಅಳು ಬಾಗಿಲಾಚೆಗೇ ಕೇಳಿಸಿತು. ಹಸಿವಿನ ಅಳುವಿಗಿಲ್ಲದ ಚೂಪು ಅದಕ್ಕಿತ್ತು. ಮಕ್ಕಳ ವೈದ್ಯೆ ವರದಿಯನ್ನು ಮುಂದಿಟ್ಟರು.

"ಅಫೀಮಿನ ಜಾತಿಗೆ ಸೇರಿದ ನೋವಿನ ಮಾತ್ರೆ. ತಾಯಿ ತಿಂಗಳುಗಟ್ಟಲೆ ನುಂಗಿದ್ದಾಳೆ. ಹೊಟ್ಟೆಯಲ್ಲಿದ್ದಾಗ ಮಗುವಿಗೂ ಅದು ಸಿಗ್ತಿತ್ತು. ಹೊಕ್ಕಳಬಳ್ಳಿ ಕತ್ತರಿಸಿದ ಮೇಲೆ ನಿಂತುಹೋಯ್ತು. ಅದಕ್ಕೇ ಈ ನಡುಕ, ಬೆವರು. ಮೊಲೆ ಹಿಡಿಯೋಕೂ ಆಗ್ತಿಲ್ಲ."

"ಬದುಕುತ್ತಾ?"

"ಹನಿಹನಿ ಔಷಧಿ ಕೊಟ್ಟು ದಿನದಿನಕ್ಕೆ ಇಳಿಸ್ತಾ ಬರ್ಬೇಕು. ಯಾರಾದ್ರೂ ಎದೆಗೊತ್ತಿ ಹಿಡ್ಕೊಂಡಿರ್ಬೇಕು. ಎರಡು ಮೂರು ವಾರ ಬೇಕಾಗುತ್ತೆ."

ಬಾಣಂತಿ ಉಡುಪು ಕಾರ್ಖಾನೆಯೊಂದರಲ್ಲಿ ಸಿದ್ಧ ಉಡುಪುಗಳ ತಪಾಸಣೆ ಮಾಡುತ್ತಿದ್ದವಳು.

"ಏನು ತಿಂತಿದ್ದೆ?" ಇನ್‌ಸ್ಪೆಕ್ಟರ್ ಅವಳನ್ನು ಕೇಳಿದರು.

"ಏನೂ ಇಲ್ಲ ಸರ್."

"ಯಾರು ಕೊಟ್ರು?"

"ಯಾರೂ ಇಲ್ಲ."

ಅವಳ ದೃಷ್ಟಿ ಮಂಚದ ಕೆಳಗಿನ ಚೀಲಕ್ಕೆ ಹೋಗಿ ಬಂತು. 12 ಗಂಟೆ 35ಕ್ಕೆ ದಾದಿ ಮತ್ತು ಆಯಾ ಇಬ್ಬರನ್ನೂ ಪಂಚರನ್ನಾಗಿ ಮಾಡಿಕೊಂಡು ಚೀಲದ ಪಂಚನಾಮೆ ನಡೆಯಿತು. ಕರವಸ್ತ್ರದ ಗಂಟಿನಲ್ಲಿ ಏಳು ಮಾತ್ರೆಗಳಿದ್ದವು. ಪ್ರತಿಯೊಂದನ್ನೂ ಸ್ಟ್ರಿಪ್ ಹಾಳೆಯಿಂದ ಬಿಡಿಯಾಗಿ ಕತ್ತರಿಸಲಾಗಿತ್ತು. ಒಂದರ ಮೇಲೂ ಹೆಸರಿರಲಿಲ್ಲ.

ಹೆಡ್ ಕಾನ್‌ಸ್ಟೆಬಲ್ ಒಂದನ್ನು ಬೆಳಕಿಗೆ ಹಿಡಿದಳು. "ಮೆಡಿಕಲ್ ಶಾಪಿನವರ ಕತ್ತರಿ ನೇರವಾಗಿ ಕತ್ತರಿಸುತ್ತೆ ಸರ್. ಇದರ ಅಂಚು ನೋಡಿ, ಗರಗಸದ ಹಲ್ಲು ಇದ್ದಂಗಿದೆ. ಬಟ್ಟೆ ತುಂಡಿನ ಎಳೆ ಬಿಚ್ಚದೇ ಇರ್ಲಿ ಅಂತ ಗಾರ್ಮೆಂಟ್ ಫ್ಯಾಕ್ಟರಿಯ ಸ್ಯಾಂಪಲ್ ರೂಮಲ್ಲಿ ಜಿಗ್‌ಜಾಗ್ ಕತ್ತರಿ ಇಟ್ಟಿರ್ತಾರೆ. ಪೊಲೀಸ್ ಕೆಲಸಕ್ಕೆ ಬರೋ ಮುಂಚೆ ಮೂರು ವರ್ಷ ನಾನೂ ಅಂಥದ್ದೇ ಒಂದು ಫ್ಯಾಕ್ಟರಿಲಿ ಸವೆದವಳು."

ಆಮೇಲೆ ಅವಳು ಬಾಣಂತಿಯ ಪಕ್ಕ ಕುಳಿತಳು. "ತಂಗೀ, ಶುಕ್ರವಾರ ಮಗೂನ ಎತ್ಕೊಂಡು ಹೋದ್ರೆ, ನೀನು ಕಾಪಾಡ್ತಿರೋ ಆ ಪುಣ್ಯಾತ್ಮರು ಬಂದು ಹಾಲು ಕುಡಿಸ್ತಾರಾ?"

ಬಾಣಂತಿ ಅವಳತ್ತ ತಿರುಗಿದಳು. "ಅವರು ಇಲ್ದೇ ಇದ್ದಿದ್ರೆ ಐದನೇ ತಿಂಗಳಲ್ಲೇ ನನ್ನ ಕೆಲಸ ಹೋಗ್ತಿತ್ತು ಅಕ್ಕಾ. ಕಾಲುನೋವಿನ ಮಾತ್ರೆ ಅಂತ ಕೊಟ್ರು. ಮತ್ತಿಂದು ಅಂತ ದೇವರಾಣೆಗೂ ಗೊತ್ತಿರ್ಲಿಲ್ಲ." ಹೆಸರು ಮಾತ್ರ ಅವಳ ಬಾಯಿಂದ ಬರಲಿಲ್ಲ.

ಬುಧವಾರ ಬೆಳಿಗ್ಗೆ 9 ಗಂಟೆ 30ಕ್ಕೆ ಪೊಲೀಸರು ಕಾರ್ಖಾನೆಯ ಗೇಟಿನಲ್ಲಿದ್ದರು. ವ್ಯವಸ್ಥಾಪಕ ಎದೆಯುಬ್ಬಿಸಿ ಹೇಳಿದ: "ನಮ್ಮಲ್ಲಿ ಬೀಡಿ ಕೂಡ ಒಳಗೆ ಬರಲ್ಲ ಸರ್." ಬೀಡಿ ಬರುತ್ತಿರಲಿಲ್ಲ, ನಿಜ. ತಪಾಸಣೆಯ ಮೇಜಿನ ಬಳಿ ಕುರ್ಚಿಯೂ ಬಂದಿರಲಿಲ್ಲ. ತುಂಬು ಹೊಟ್ಟೆಯ ಮೂವರು ಹೆಂಗಸರು ಅಲ್ಲಿ ನಿಂತಿದ್ದರು. ಅವರು ನಿಲ್ಲಬೇಕಾದದ್ದು ದಿನಕ್ಕೆ ಒಂಬತ್ತು ಗಂಟೆ. ಯಂತ್ರಕ್ಕೆ ಹೊತ್ತುಹೊತ್ತಿಗೆ ಎಣ್ಣೆ ಬಿಡುವ ಮನುಷ್ಯ ಬಸುರಿಗೆ ಕೂರಲು ಜಾಗ ಕೊಡದಿರುವುದನ್ನು ಶಿಸ್ತು ಎಂದು ಕರೆಯುವುದಾದರೆ, ಕ್ರೌರ್ಯಕ್ಕೆ ಬೇರೆ ಪದವೇ ಬೇಕಿಲ್ಲ.

ಸ್ಯಾಂಪಲ್ ರೂಮಿನ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಸೀರೆ, ಅಳೆದು ತೂಗಿದ ಮಾತು.

"ನಿಮ್ಮಲ್ಲಿ ಕೆಲಸ ಮಾಡ್ತಿದ್ದವಳೊಬ್ಬಳಿಗೆ ಹೆರಿಗೆಯಾಗಿದೆ. ಅವಳ ವಿಷಯ ಸ್ವಲ್ಪ ಕೇಳೋದಿತ್ತು," ಎಂದರು ಇನ್‌ಸ್ಪೆಕ್ಟರ್.

"ಒಳ್ಳೆ ಹುಡುಗಿ ಸರ್. ಮಗು ನಡುಗೋದು ನಿಂತಿತಾ?"

ಮಗು ನಡುಗುತ್ತಿದೆಯೆಂದು ಆ ಕಾರ್ಖಾನೆಯಲ್ಲಿ ಯಾರಿಗೂ ಪೊಲೀಸರು ಹೇಳಿರಲಿಲ್ಲ. ಆಸ್ಪತ್ರೆಗೆ ಅಲ್ಲಿಂದ ಯಾರೂ ಹೋಗಿರಲಿಲ್ಲವೆಂಬುದು ಭೇಟಿ ಪುಸ್ತಕದಲ್ಲಿತ್ತು. ಇನ್‌ಸ್ಪೆಕ್ಟರ್ ಮುಖದಲ್ಲಿ ಏನನ್ನೂ ತೋರಿಸಿಕೊಳ್ಳದೆ, ಮೇಜಿನ ಖಾನೆ ತೆರೆಯಲು ಹೇಳಿದರು. ಜಿಗ್‌ಜಾಗ್ ಕತ್ತರಿಯ ಕೆಳಗೆ ಒಂದು ಗುಂಡಿ ಡಬ್ಬಿ, ಅದರೊಳಗೆ ಮಾತ್ರೆ ಹಾಳೆಯ ನಲವತ್ತೊಂದು ತುಂಡುಗಳು. ಔಷಧಿಯ ಹೆಸರು, ಕೆಂಪು ಗೆರೆ, 'ಗರ್ಭಿಣಿಯರು ಸೇವಿಸಬಾರದು' ಎಂಬ ಸಾಲು ಎಲ್ಲವೂ ಆ ತುಂಡುಗಳಲ್ಲಿದ್ದವು. ಎಚ್ಚರಿಕೆಯನ್ನು ತನ್ನಲ್ಲಿಟ್ಟುಕೊಂಡು ಅವಳು ಮಾತ್ರೆಯನ್ನು ಹಂಚಿದ್ದಳು.

ಗುರುವಾರ ಪ್ರಯೋಗಾಲಯದಿಂದ ವರದಿ ಬಂತು: ಚೀಲದಲ್ಲಿ ಸಿಕ್ಕ ಏಳು ಮಾತ್ರೆಗಳಲ್ಲಿ ಐದರ ಅಂಚುಗಳು ಡಬ್ಬಿಯ ತುಂಡುಗಳಿಗೆ ಹಲ್ಲಿಗೆ ಹಲ್ಲು ಕೂಡಿದ್ದವು. ಸಂಜೆ 4 ಗಂಟೆ 10ಕ್ಕೆ ದೊಡ್ಡಕ್ಕನ ಬಂಧನವಾಯಿತು. ವೈದ್ಯರ ಹಳೆಯ ಚೀಟಿಯೊಂದನ್ನೇ ನೋಡಿ ವರ್ಷಗಟ್ಟಲೆ ಮಾತ್ರೆ ಕೊಟ್ಟ ಔಷಧಿ ಅಂಗಡಿಯವನನ್ನೂ ಕರೆತರಲಾಯಿತು. ಕಾರ್ಖಾನೆಯ ಬಗ್ಗೆ ಕಾರ್ಮಿಕ ಇಲಾಖೆಗೆ ಪ್ರತ್ಯೇಕ ವರದಿ ಹೋಯಿತು; ನಿಲ್ಲಲಾಗದ ಬಸುರಿಯರಿಗೆ ಉಳಿದದ್ದು ಗೇಟಿನ ಹೊರದಾರಿ ಇಲ್ಲವೇ ಗುಳಿಗೆ ಎಂದು ಇನ್‌ಸ್ಪೆಕ್ಟರ್ ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದರು.

ಶುಕ್ರವಾರ ಸಮಿತಿ ಮಗುವನ್ನು ತಾಯಿಯ ಬಳಿಯೇ ಬಿಟ್ಟಿತು. ತಾಯಿಗೂ ಚಿಕಿತ್ಸೆ ಕೊಡಬೇಕೆಂದು ಆದೇಶಿಸಿತು. ಅತ್ತೆ ಗೊಣಗಿದಳು: "ಕಾಲುನೋವು ಅಂತ ನನ್ಹತ್ರ ಒಂದು ಮಾತು ಹೇಳಿದ್ದಿದ್ರೆ ಏನಾಗ್ತಿತ್ತು?" ಸೊಸೆ ತಲೆಯೆತ್ತಲಿಲ್ಲ: "ಹೇಳಿದ್ದೆ ಅತ್ತೆ."

ಅದೇ ಮಧ್ಯಾಹ್ನ ಠಾಣೆಯಲ್ಲಿ ದೊಡ್ಡಕ್ಕ ಹೇಳಿಕೆ ಕೊಟ್ಟಳು.

"ಮಗು ನಡುಗ್ತಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಮುಂಚೆ ನಾನು ಮಾತ್ರೆ ಕೊಟ್ಟ ಮೂವರ ಮಕ್ಕಳೂ ನಡುಗಿದ್ವು ಸರ್."

"ಗೊತ್ತಿದ್ದೂ ಯಾಕೆ ಕೊಟ್ರಿ?"

ಅದಕ್ಕೆ ಅವಳು ಹೇಳಿದ್ದನ್ನು ಹೆಡ್ ಕಾನ್‌ಸ್ಟೆಬಲ್ ಒಂದಕ್ಷರವೂ ಬಿಡದೆ ಬರೆದುಕೊಂಡಳು.

"ನಾನೂ ಅದೇ ಮಾತ್ರೆ ನುಂಗ್ಕೊಂಡೇ ಆ ಮೇಜಿನ ಹತ್ರ ನಿಂತವಳು ಸರ್. ನನ್ನ ಮಗು ಹನ್ನೊಂದು ದಿನ ನಡುಗ್ತು. ಹನ್ನೆರಡನೇ ದಿನ ಇರ್ಲಿಲ್ಲ. ಮಾತ್ರೆಯಿಂದ ಹಾಗಾಯ್ತು ಅಂತ ಒಪ್ಕೊಂಡ್ರೆ, ನನ್ನ ಮಗೂನ ನಾನೇ ಕೊಂದೆ ಅಂತ ಒಪ್ಕೋಬೇಕಾಗಿತ್ತು. ಒಬ್ಬಳಿಗಾದ್ರೂ ನೆಟ್ಟಗಿರೋ ಮಗು ಹುಟ್ಟಲಿ, ತಪ್ಪು ಮಾತ್ರೇದಲ್ಲ ಅಂತ ಗೊತ್ತಾಗ್ಲಿ ಅಂತ, ಕೊಡ್ತಾ ಹೋದೆ."