ನಲವತ್ತೊಂದು ದನಿಗಳ ಪುಸ್ತಕ

"ಹದಿನಾರು ಓಟು ಮುಂದಿದ್ದಾನಂತೆ ಡನ್ಲಪ್. ಉಳಿದ ಐದು ಊರಿನ ಪುಸ್ತಕ ಆಗ್ಲೇ ಹೋಗಿ ಸೇರಿವೆ. ಇನ್ನು ನಮ್ಮದನ್ನ ಒಯ್ದು ಏನು ಮಾಡ್ತೀಯ ಏಸಾ, ಒಲೆಗೆ ಹಾಕು, ಕಾಫಿನಾದ್ರೂ ಕಾಯುತ್ತೆ," ಎಂದ ಲೆಮ್ ಕ್ರಾಬ್.

ಏಸಾ ಪೆಟಿಬೋನ್ ಪುಸ್ತಕವನ್ನು ಮೇಣದ ಬಟ್ಟೆಯಲ್ಲಿ ಸುತ್ತಿ, ಚರ್ಮದ ಚೀಲಕ್ಕೆ ತುರುಕಿ, ಮೂರು ಗಂಟು ಬಿಗಿದ. ಪೀಪಾಯಿ ಮಾಡುವವನ ಕೈ ಅದು, ಬಿಗಿದರೆ ಬಿಗಿದದ್ದೇ.

"ನಮ್ಮದು ಇನ್ನೂ ಕೂಡಿಸಿಲ್ಲ, ಲೆಮ್. ನೀನೂ ಬರ್ತೀಯ. ಬೆನ್ನು ನೋವು, ಹಲ್ಲು ನೋವು ಅಂತ ಶುರು ಮಾಡ್ಬೇಡ."

"ಬರಲ್ಲ ಅಂತ ಯಾರಂದ್ರು? ಡನ್ಲಪ್ ಗೆದ್ದ ಅನ್ನೋದನ್ನ ನಿನ್ನ ಬಾಯಿಂದಲೇ ಕೇಳ್ಬೇಕು. ಅದಕ್ಕೆ ನಲವತ್ತು ಮೈಲಿ ಏನು ಮಹಾ."

1818ರ ಜುಲೈ. ಇಲಿನಾಯ್ ಪ್ರಾಂತ್ಯ ರಾಜ್ಯವಾಗುವ ತರಾತುರಿಯಲ್ಲಿತ್ತು. ಸಂವಿಧಾನ ಬರೆಯುವ ಸಭೆಗೆ ಆ ಜಿಲ್ಲೆಯಿಂದ ಒಬ್ಬ ಹೋಗಬೇಕು. ಗುಲಾಮರನ್ನು ಇಟ್ಟುಕೊಳ್ಳಲು ಅನುಮತಿ ಬೇಕೆನ್ನುವವನು ಡನ್ಲಪ್, ಕೂಡದೆನ್ನುವವನು ವಿನ್‌ಸ್ಲೋ. ಅವರ ಊರಾದ ಪಾರ್ಟ್ರಿಜ್ ಗುಡ್ಡದಲ್ಲಿ ಓಟು ಹಾಕುವುದೆಂದರೆ ಬಾಯಿಬಿಟ್ಟು ಹೇಳುವುದು. ಮೇಜಿನ ಮುಂದೆ ನಿಂತು ತನ್ನ ಹೆಸರು, ತನ್ನ ಅಭ್ಯರ್ಥಿಯ ಹೆಸರು ಹೇಳಬೇಕು. ಲೆಮ್ ಅದನ್ನು ಅಂಗಳಕ್ಕೆಲ್ಲ ಕೇಳುವಂತೆ ಕೂಗಿದ, ಏಸಾ ಬರೆದ. ಲೆಮ್ ಡನ್ಲಪ್ ಕಡೆಯವ, ಏಸಾ ವಿನ್‌ಸ್ಲೋ ಕಡೆಯವ. ಇಬ್ಬರೂ ಶುಕ್ರವಾರ ಮಧ್ಯಾಹ್ನದೊಳಗೆ ನಲವತ್ತು ಮೈಲಿಯಾಚೆಯ ವಾಲ್ಫೋರ್ಡ್ ಜಿಲ್ಲಾ ಕಚೇರಿಯಲ್ಲಿ ಬೈಬಲ್ ಮುಟ್ಟಿ, ಇದು ನಮ್ಮ ಪುಸ್ತಕ ಎನ್ನಬೇಕು. ಒಬ್ಬ ಒಲ್ಲೆನೆಂದರೂ ನಲವತ್ತೊಂದು ಓಟು ನೀರುಪಾಲು. ಕೂಡಿಸುವುದೂ ಅಲ್ಲಿಯೇ.

ಎಂಟು ದಿನದ ಮಳೆಗೆ ದಾರಿ ಮುಳುಗಿತ್ತು. ಹೋಗುವುದಿದ್ದರೆ ದೋಣಿ, ದೋಣಿಯೆಂದರೆ ಟೈಟಸ್.

ಟೈಟಸ್ ಸ್ವತಂತ್ರ ಕರಿಯ. ಮರ ಕೊರೆದು ದೋಣಿ ಮಾಡುವವನು, ಆಲ್ಡರ್ ಹೊಳೆಯ ಒಂದೊಂದು ಸೆಳವನ್ನೂ ಅಂಗೈಯಂತೆ ಬಲ್ಲವನು. ಅವನಿಗೆ ಓಟಿರಲಿಲ್ಲ. ಬಿಳಿಯರ ವ್ಯವಹಾರದಲ್ಲಿ ಸಾಕ್ಷಿ ಹೇಳುವ ಹಕ್ಕೂ ಇರಲಿಲ್ಲ. ಅವನ ಹೆಂಡತಿ ಡೈನಾ ಗುಡ್ಡದಾಚೆಯ ಸಾಹುಕಾರನ ಮನೆಯಲ್ಲಿ ಕರಾರಿನ ಆಳು, ಇನ್ನೂ ಇಪ್ಪತ್ತೆರಡು ವರ್ಷದ ಕರಾರು. ಆ ಕರಾರುಗಳನ್ನು ಮುರಿಯುವ ಕಡೆಗೇ ನನ್ನ ಮತ ಎಂದು ವಿನ್‌ಸ್ಲೋ ಚರ್ಚಿನ ಮೆಟ್ಟಿಲ ಮೇಲೆ ನಿಂತು ಮಾತು ಕೊಟ್ಟಿದ್ದ. ಡನ್ಲಪ್ ಗೆದ್ದರೆ, ಸಾಹುಕಾರ ಅವಳನ್ನು ಜೀವನಪೂರ್ತಿ ಇಟ್ಟುಕೊಳ್ಳುವುದಾಗಿ ಆಗಲೇ ಹೇಳಿಕೊಂಡು ತಿರುಗುತ್ತಿದ್ದ.

"ದೋಣಿ ಹತ್ತಿ. ಹೊಳೆ ನಮ್ಮ ಮಾತು ಮುಗಿಯೋ ತನಕ ಕಾಯಲ್ಲ," ಎಂದ ಟೈಟಸ್.

ಏಸಾ ಒಂದು ಹುಟ್ಟು ತೆಗೆದುಕೊಂಡ. ಇನ್ನೊಂದನ್ನು ಟೈಟಸ್ ಲೆಮ್‌ನ ಕಡೆ ಚಾಚಿದ.

"ನಾನು ಚುನಾವಣೆಯ ಅಧಿಕಾರಿ, ಮಾರಾಯ. ನನ್ನ ಕೆಲಸ ಕೂಗೋದು," ಎಂದು ಲೆಮ್ ನಡುವೆ ಕೂತ.

ಹೊಳೆ ಎಲ್ಲಿ ಮುಗಿದು ಕಾಡು ಎಲ್ಲಿ ಶುರುವಾಗುತ್ತದೆಂದು ಹೇಳುವಂತಿರಲಿಲ್ಲ. ಬಿಳಿ ತೊಗಟೆಯ ಸಿಕಮೋರ್ ಮರಗಳು ಸೊಂಟದವರೆಗೆ ನೀರಲ್ಲಿ ನಿಂತಿದ್ದವು. ಅವುಗಳ ನಡುವೆ ಯಾರದೋ ಬೇಲಿಯ ಕಂಬ, ಯಾರದೋ ಕೋಳಿಗೂಡು ತೇಲುತ್ತಿದ್ದವು. ಗೂಡಿನ ಮೇಲೆ ಹುಂಜವೊಂದು ತನ್ನದೇ ಹಡಗೆಂಬಂತೆ ಠೀವಿಯಿಂದ ಕೂತಿತ್ತು. "ಡನ್ಲಪ್ ಕಡೆಯದು, ನೋಡಿದ್ರೆ ಗೊತ್ತಾಗುತ್ತೆ," ಎಂದ ಏಸಾ. ಲೆಮ್ ನಕ್ಕ. ಹಾಗೆ ನಗುವಷ್ಟು ಹಗುರತನ ಹೊರಟ ದಿನವಾದ ಬುಧವಾರದೊಂದಿಗೇ ಮುಗಿಯಿತು. ಸೊಳ್ಳೆ ಕಡಿತದಿಂದ ಊದಿದ ಮುಖ ಹೊತ್ತು ಗುರುವಾರ ಬೆಳಿಗ್ಗೆ ಅವರು ಮತ್ತೆ ದೋಣಿ ನೂಕಿದಾಗ ನೀರು ಇನ್ನೂ ಒಂದು ಗೇಣು ಏರಿತ್ತು. ಮರಗಳ ನಡುವಿನ ಸದ್ದು ಬದಲಾಗಿತ್ತು.

"ಮಾತಾಡ್ಬೇಡಿ," ಎಂದ ಟೈಟಸ್.

ದೂರದಲ್ಲಿ ಗುಡುಗಿನಂತೆ ಏನೋ ಉರುಳುತ್ತಿತ್ತು. ಗುಡುಗಲ್ಲ. ಎರಡು ಹೊಳೆ ಕೂಡುವಲ್ಲಿ ಕೊಚ್ಚಿ ಬಂದ ಮರಗಳ ರಾಶಿ.

"ಎಡಕ್ಕೆ. ಏಸಾ, ಎಡಕ್ಕೆ ಒತ್ತು."

ಏಸಾ ಒತ್ತಿದ. ದೋಣಿ ತಿರುಗಿತು, ಸಾಕಷ್ಟು ತಿರುಗಲಿಲ್ಲ. ನೀರಿನಡಿ ಅಡಗಿದ್ದ ಬುಡವೊಂದು ತಳಕ್ಕೆ ಬಡಿಯಿತು.

ಮೂವರೂ ನೀರಲ್ಲಿದ್ದರು.

ಏಸಾ ಒಂದು ಕೊಂಬೆ ಹಿಡಿದ. ಕಣ್ಣುಬಿಟ್ಟಾಗ ಮೊಳದಾಚೆ ಅದೇ ಕೊಂಬೆಯ ಮೇಲೆ ಹಾವೊಂದು ಸುತ್ತಿಕೊಂಡು ಅವನನ್ನೇ ನೋಡುತ್ತಿತ್ತು. ಅವನು ಅಲುಗಲಿಲ್ಲ. ಅದೂ ಅಲುಗಲಿಲ್ಲ.

ಟೈಟಸ್ ಎರಡನ್ನೂ ಕಂಡ. ಬಲಕ್ಕೆ ಪುಸ್ತಕದ ಚೀಲ ತಿರುಗುತ್ತ ತೇಲಿ ಹೋಗುತ್ತಿತ್ತು. ಎಡಕ್ಕೆ ಲೆಮ್‌ನ ತಲೆ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು.

ಅವನು ಎಡಕ್ಕೆ ಈಜಿದ.

ಕಾಲರು ಹಿಡಿದು, ಜುಟ್ಟು ಹಿಡಿದು, ಕಡೆಗೆ ಕಂಕುಳಿಗೆ ಕೈ ಹಾಕಿ, ಸೆಳವಿಗೆ ಅಡ್ಡಲಾಗಿ ಲೆಮ್‌ನನ್ನು ಎಳೆದು ತಂದ. ಹಿಂದಿನ ಕಾಲದ ಜನ ಕಟ್ಟಿದ್ದ ಮಣ್ಣಿನ ದಿಬ್ಬವೊಂದು ಪ್ರವಾಹದ ನಡುವೆ ಆಮೆಯ ಬೆನ್ನಿನಂತೆ ಎದ್ದಿತ್ತು. ಅದರ ಹುಲ್ಲಿನ ಮೇಲೆ ಅವನನ್ನು ಬೋರಲು ಹಾಕಿ ಬೆನ್ನು ಒತ್ತಿದ. ಹಾವು ಜಾರಿದ ಮೇಲೆ ಏಸಾನೂ ಬಂದು ಸೇರಿದ.

ಲೆಮ್ ಕೆಮ್ಮಿದ, ನೀರು ಕಾರಿದ, ಎದ್ದು ಕೂತ.

"ಚೀಲ ಬಿಟ್ಟು ನನ್ನ ಹಿಂದೆ ಬಂದೆಯಲ್ಲೋ. ನೀನು ಎಳೆದದ್ದು ನನ್ನನ್ನಲ್ಲ ಟೈಟಸ್, ನನ್ನ ಸಾಕ್ಷೀನ."

"ಎರಡೂ ಒಂದೇ ಕಡೆ ಇದ್ವು, ಸಾಹೇಬ್ರೇ," ಎಂದು ಟೈಟಸ್ ಮತ್ತೆ ನೀರಿಗಿಳಿದ.

ದೋಣಿ ರಾಶಿಗೆ ಸಿಕ್ಕಿಕೊಂಡಿತ್ತು. ಒಂದು ಕಡೆ ಸೀಳಿದ್ದರೂ ತೇಲುವಂತಿತ್ತು. ಚೀಲವೂ ಅದೇ ರಾಶಿಯ ಬೇರುಗಳಲ್ಲಿ ಸಿಕ್ಕಿತು, ಆದರೆ ಹುಡುಕಲು ಒಂದು ಗಂಟೆ ಹಿಡಿಯಿತು. ಏಸಾನ ಮೂರು ಗಂಟು ಹಾಗೇ ಇದ್ದವು. ಚೀಲದ ಹೊಟ್ಟೆ, ಒಳಗಿನ ಮೇಣದ ಬಟ್ಟೆ ಮಾತ್ರ ಉದ್ದಕ್ಕೆ ಹರಿದಿದ್ದವು.

ಏಸಾ ಪುಟ ತಿರುಗಿಸಿದ. ಮತ್ತೊಂದು ತಿರುಗಿಸಿದ. ಬರೆದ ಪುಟಗಳೆಲ್ಲ ಒಂದೇ ಸಮ ನಸುಗೆಂಪು, ಅಕ್ಷರ ಒಂದೂ ಇಲ್ಲ.

"ಯಾವ ಮಸಿಯಲ್ಲಿ ಬರೆದೆ?" ಲೆಮ್ ಮೆಲ್ಲಗೆ ಕೇಳಿದ.

"ಅಂಗಡಿ ಮಸಿ ಚಳಿಗಾಲದಲ್ಲೇ ಸೀಸೆ ಒಡೆದು ಹೋಗಿತ್ತು." ಏಸಾ ಪುಸ್ತಕವನ್ನು ಮಡಿಲಿಗಿಟ್ಟುಕೊಂಡ. "ನಮ್ಮಾಕೆ ಕಾಡಿನ ಪೋಕ್ ಹಣ್ಣಿನ ಕೆಂಪು ರಸ ಹಿಂಡಿಟ್ಟಿದ್ದಳು. ಊರಲ್ಲಿ ಎಲ್ಲರೂ ಕಾಗದ ಬರೆಯೋದು ಅದರಲ್ಲೇ ಅಲ್ವಾ."

"ಅತ್ತೆಗೆ ಕಾಗದ ಬರೆಯೋ ಮಸಿಯಲ್ಲಿ ರಾಜ್ಯ ಬರೆಯೋಕೆ ಹೊರಟಿದ್ದೀಯ."

ಯಾರೂ ನಗಲಿಲ್ಲ. ಟೈಟಸ್ ಹುಲ್ಲಿನ ಮೇಲೆ ಕೂತು ತನ್ನ ಕೈಗಳನ್ನೇ ನೋಡುತ್ತಿದ್ದ. ಇಪ್ಪತ್ತೆರಡು ವರ್ಷ ಎಂದರೆ ಡೈನಾಗೆ ಐವತ್ತಮೂರು. ಡನ್ಲಪ್ ಗೆದ್ದರೆ ಆ ಲೆಕ್ಕವೂ ಬೇಕಿಲ್ಲ.

ಏಸಾ ತಲೆಯೆತ್ತಿದ. "ನೀನು ಕೂಗಿದ್ದೀಯ, ಲೆಮ್. ನಲವತ್ತೊಂದನ್ನೂ ನೀನೇ ಕೂಗಿದ್ದೀಯ. ನಿನಗೆ ನೆನಪಿದೆ. ಹಿಂದಿನ ಪುಟಗಳು ಖಾಲಿ ಇವೆ. ನೀನು ಹೇಳು, ನಾನು ಬರೀತೀನಿ, ಇಬ್ಬರೂ ಒಪ್ಪಿದ್ದು ಮಾತ್ರ."

"ನಾನು ಯಾಕೆ ಹೇಳ್ಬೇಕು? ಬಾಯಿ ಮುಚ್ಕೊಂಡು ಕೂತ್ರೆ ನಮ್ಮವನೇ ಗೆದ್ದ."

ಅದು ನಿಜವಾಗಿತ್ತು. ಏಸಾ ಟೈಟಸ್‌ನ ಕಡೆ ನೋಡಿದ. ಟೈಟಸ್ ಬೇಡಿಕೊಳ್ಳಲಿಲ್ಲ. ಎದ್ದು ಹೋಗಿ ದೋಣಿಯ ಸೀಳಿಗೆ ಪಾಚಿ, ಅಂಟು ತುರುಕಲು ಕೂತ.

ಲೆಮ್ ಅವನ ಬೆನ್ನನ್ನು ನೋಡುತ್ತ ಹುಲ್ಲಿನ ಎಸಳೊಂದನ್ನು ಕಚ್ಚಿದ. ಕೆಂಟಕಿಯಲ್ಲಿ ಕುದುರೆ ಹರಾಜು ಕೂಗಿ ಬೆಳೆದವನು ಅವನು. ಒಮ್ಮೆ ಕೂಗಿದ ಹೆಸರನ್ನು ಮರೆತವನೆಂದು ಯಾರಾದರೂ ಅಂದರೆ ಆ ದಿನ ಊಟ ಸೇರುತ್ತಿರಲಿಲ್ಲ.

"ಬರೆಯೋದು ಯಾವುದರಲ್ಲಿ? ಕೆಸರಲ್ಲಾ?" ಎಂದ ಕಡೆಗೆ.

ಟೈಟಸ್ ಸೊಂಟದ ಚೀಲದಿಂದ ಒಂದು ಸೀಸದ ಗುಂಡು ತೆಗೆದು, ಕಲ್ಲಿನ ಮೇಲಿಟ್ಟು ಸೊಂಟಕ್ಕೆ ಸಿಕ್ಕಿಸಿದ್ದ ಕೊಡಲಿಯ ಹಿಂಭಾಗದಿಂದ ಬಡಿದು, ಚೂಪು ಮಾಡಿ ಏಸಾನ ಕೈಗಿಟ್ಟ. ಒಣಗಲು ಹರಡಿದ ಕಾಗದದ ಮೇಲೆ ಅದು ಬೂದು ಗೆರೆ ಎಳೆಯಿತು.

"ನೀರಿಗೆ ಅಳಿಸಿ ಹೋಗಲ್ಲ," ಎಂದ ಟೈಟಸ್.

ಲೆಮ್ ಗಂಟಲು ಸರಿಮಾಡಿಕೊಂಡ. ಕಣ್ಣು ಮುಚ್ಚಿದ. ಪಾರ್ಟ್ರಿಜ್ ಗುಡ್ಡವೇ ಆ ದಿಬ್ಬದ ಮೇಲೆ ಬಂದು ನಿಂತಿತು.

"ಬಾರ್ನಬಿ ಫ್ರೈ, ಬಾಯಲ್ಲಿ ಪೈಪು: 'ವಿನ್‌ಸ್ಲೋ. ಇನ್ಯಾರು, ನಿಮ್ಮಪ್ಪನಾ?'"

"ಹೌದು," ಎಂದು ಏಸಾ ಬರೆದ.

"ಜೇಕಬ್ ಹುಬರ್. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಒಂದ್ಸಲ ಅವಳ ಮುಖ ನೋಡಿದ. ವಿನ್‌ಸ್ಲೋ."

"ಹೌದು."

"ಸೈಲಸ್ ಟ್ರೋಟರ್. ಟೋಪಿ ತೆಗೆದು ಎದೆಗಿಟ್ಕೊಂಡ, ಮದುವೆಗೆ ಬಂದ ಹಾಗೆ. ಡನ್ಲಪ್."

"ಹೌದು."

ಹೀಗೆ ಹನ್ನೊಂದು ಹೆಸರಾದವು. ಹನ್ನೆರಡನೆಯದು ಗಿರಣಿಯ ಮುದುಕ ಈನಾಕ್ ಸ್ವೇನ್.

"ವಿನ್‌ಸ್ಲೋ," ಎಂದ ಏಸಾ ಮೊದಲೇ.

"ಡನ್ಲಪ್," ಎಂದ ಲೆಮ್.

"ಇಲ್ಲ ಲೆಮ್. ಭಾನುವಾರ ನಮ್ಮನೆಗೆ ಬಂದು, ವಿನ್‌ಸ್ಲೋಗೇ ಅಂತ ನನ್ನ ಕೈ ಹಿಡಿದು ಹೇಳಿದ್ದ."

"ನಿಮ್ಮನೇಲಿ ಹೇಳಿದ್ದು ನಂಗೆ ಬೇಡ. ಮೇಜಿನ ಮುಂದೆ ಏನಂದ?"

ಇಬ್ಬರೂ ಬಿಗಿದುಕೊಂಡರು. ಸೀಸ ಕಾಗದದ ಮೇಲೆ ನಿಂತಿತ್ತು. ಒಂದು ಹೆಸರು ಒಪ್ಪದಿದ್ದರೆ ಪುಸ್ತಕವೇ ಇಲ್ಲ. ಲೆಮ್ ದೋಣಿಯ ಕಡೆ ತಿರುಗಿದ.

"ಟೈಟಸ್, ನೀನು ಕಿಟಕಿ ಹೊರಗೆ ಕುದುರೆ ಹಿಡ್ಕೊಂಡು ನಿಂತಿದ್ದೆ. ಈನಾಕ್ ಏನಂದ?"

"ಅವನ ಮಾತು ಕಚೇರಿಯಲ್ಲಿ ನಡೆಯಲ್ಲ," ಎಂದ ಏಸಾ ಗಾಬರಿಯಲ್ಲಿ.

"ಇದು ಕಚೇರಿಯಲ್ಲ. ಕೇಳ್ತಿರೋದು ನಾನು."

ಟೈಟಸ್‌ನ ಕೈ ನಿಂತಿತು. ಒಂದೇ ಹೆಸರು. ಇಬ್ಬರ ಮುಖವೂ ಅವನ ಕಡೆಗಿತ್ತು. ವಿನ್‌ಸ್ಲೋ ಎಂದುಬಿಟ್ಟರೆ ಏಸಾ ಕಣ್ಣುಮುಚ್ಚಿ ಬರೆಯುತ್ತಿದ್ದ. ನೀರು ದಿಬ್ಬದ ಅಂಚನ್ನು ನೆಕ್ಕುತ್ತಿತ್ತು.

"ಡನ್ಲಪ್ ಅಂದ," ಎಂದ. "ಹೊರಗೆ ಬಂದು ಬೇಲಿಗೆ ಒರಗಿ ನಿಂತ. ಗಿರಣಿಗೆ ಸಾಲ ಕೊಟ್ಟವನು ಎದುರಿಗೇ ನಿಂತಿದ್ನಲ್ಲಪ್ಪಾ, ಏನು ಮಾಡ್ಲಿ, ಅಂತ ನನ್ನ ಕುದುರೆಗೆ ಹೇಳಿದ. ಆದ್ರೆ ಒಳಗೆ ಅಂದದ್ದು ಡನ್ಲಪ್."

ಏಸಾ ತಲೆ ತಗ್ಗಿಸಿ ಬರೆದ. ಅವನ ಕಿವಿ ಕೆಂಪಾಗಿತ್ತು.

ಲೆಮ್ ಕಚ್ಚಿದ್ದ ಎಸಳನ್ನು ಉಗಿದ. "ಒಂದು ಸುಳ್ಳು ಸಿಕ್ಕಿದ್ರೆ ಸಾಕಿತ್ತು," ಎಂದ, ಯಾರಿಗೂ ಅಲ್ಲ ಎಂಬಂತೆ. "ಎದ್ದು ಹೋಗೋಕೆ ಅದೇ ನೆಪ ಆಗ್ತಿತ್ತು." ಆಮೇಲೆ ಕಣ್ಣು ಮುಚ್ಚಿದ. "ಬರ್ಕೋ. ಹದಿಮೂರನೆಯವನು, ಅಮೋಸ್ ಲೀಚ್, ನೆಗಡಿಯಾಗಿತ್ತು: 'ವಿಡ್‌ಸ್ಲೋ.'"

ನಲವತ್ತೊಂದು ಮುಗಿಯುವ ಹೊತ್ತಿಗೆ ಅವನ ದನಿ ಕಟ್ಟಿಹೋಗಿತ್ತು, ದಿಬ್ಬದ ಅರ್ಧ ನೀರಲ್ಲಿತ್ತು.

ಶುಕ್ರವಾರ ಅವರು ಸರದಿಯಲ್ಲಿ ಲೆಮ್‌ನ ಟೋಪಿಯಿಂದಲೇ ನೀರು ಮೊಗೆದು ಚೆಲ್ಲುತ್ತ, ಒಂದೇ ಹುಟ್ಟಿನಿಂದ ಕಡೆಯ ಹದಿನೈದು ಮೈಲಿ ಸಾಗಿದರು. ವಾಲ್ಫೋರ್ಡ್ ಕಚೇರಿಯ ಮೆಟ್ಟಿಲ ಮೇಲೆ ಬಿದ್ದ ಕಂಬದ ನೆರಳು ಬುಡಕ್ಕೆ ಸೇರಿ ಮಧ್ಯಾಹ್ನವಾಗಲು ಇನ್ನೂ ಎರಡು ಬೆರಳು ಬಾಕಿಯಿತ್ತು. ಬಾಗಿಲಲ್ಲಿದ್ದವನು ಟೈಟಸ್‌ನನ್ನು ಹೊರಗೇ ತಡೆದ. ಟೈಟಸ್ ದೋಣಿಯ ಬಳಿ ಹೋಗಿ ನಿಂತ.

ಒಳಗೆ ಗುಮಾಸ್ತ ಪುಸ್ತಕವನ್ನು ಬೆಳಕಿಗೆ ಹಿಡಿದ. ಮುಂದಿನ ಪುಟಗಳು ಕೆಂಪು, ಹಿಂದಿನವು ಬೂದು. "ಇದೇನು?"

"ನಮ್ಮೂರಿನ ಪುಸ್ತಕ," ಎಂದ ಲೆಮ್ ಕ್ರಾಬ್, ಉಳಿದಿದ್ದ ದನಿಯಲ್ಲಿ. "ಒಂದೊಂದು ಹೆಸರನ್ನೂ ನಾನು ಕೂಗಿದ್ದೀನಿ. ಎಲ್ಲಿ, ಬೈಬಲ್ ತಾ."

ಏಸಾನ ಕೈ ಅವನ ಕೈಯ ಪಕ್ಕದಲ್ಲೇ ಕೂತಿತು. ಗುಮಾಸ್ತ ಕೂಡಿಸಿದ. ವಿನ್‌ಸ್ಲೋಗೆ ಇಪ್ಪತ್ತೊಂಬತ್ತು, ಡನ್ಲಪ್‌ಗೆ ಹನ್ನೆರಡು, ಹದಿನೇಳರ ಅಂತರ. ಮತ್ತೊಮ್ಮೆ ಕೂಡಿಸಿದ.

ಲೆಮ್ ಒಬ್ಬನೇ ದಡಕ್ಕೆ ಬಂದ. ಟೈಟಸ್ ಅವನ ಮುಖ ನೋಡಿದ.

"ಒಂದು ಓಟು," ಎಂದ ಲೆಮ್. "ಒಂದೇ ಒಂದು. ನಿಮ್ಮವನೇ ಹೋಗ್ತಾನೆ. ಸಭೆಯಲ್ಲಿ ಅವನದು ಬರೀ ಒಂದು ಕೈ, ನೆನಪಿರಲಿ."

ಟೈಟಸ್ ದೋಣಿಯ ಅಂಚು ಹಿಡಿದು ಕೂತ. 

"ಆ ಮುದುಕನದ್ದು ನೀನು ಬೇರೆ ಹೇಳಿದ್ರೆ ಮೂರು ಆಗ್ತಿತ್ತು," ಎಂದ ಲೆಮ್.

"ಒಂದು ಸಾಕು, ಸಾಹೇಬ್ರೇ."

ಏಸಾ ಹೊಸ ಹುಟ್ಟೊಂದನ್ನು ಎರವಲು ತಂದು ದೋಣಿಗೆ ಹಾಕಿದ. ಅವನು ಕೂರುವ ಮೊದಲೇ ಲೆಮ್ ಅದನ್ನು ಎತ್ತಿಕೊಂಡು ಮುಂದೆ ಹೋಗಿ ಕೂತು, ಬಲವಾಗಿ ಎಳೆದ, ತಪ್ಪು ಕಡೆಯಲ್ಲಿ. ದೋಣಿ ದಡದ ಬಳಿಯೇ ಒಂದು ಸುತ್ತು ತಿರುಗಿ, ನಿಧಾನವಾಗಿ ಹೊಳೆಯತ್ತ ಮುಖಮಾಡಿತು.