ಗೇಣುದ್ದದ ರಾಣಿಯ ನೀಲಿ ಗೌನು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಪಿಟೀಲು ಟೀಚರ್ ಠಾಣೆಗೆ ಬಂದು ದೂರು ಹೇಳತೊಡಗಿದರು. ಬರೆದುಕೊಳ್ಳುತ್ತಿದ್ದ ದಫೇದಾರ ಅರ್ಧದಲ್ಲೇ ಪೆನ್ನು ಕೆಳಗಿಟ್ಟ.

"ಹಳೇ ಬಟ್ಟೆ ಕದ್ದಿದ್ದಾರೆ, ಸರಿ. ಬದಲಿಗೆ ಹೊಸಾ ಬಟ್ಟೆ ಅಂಟಿಸಿ ಹೋಗಿದ್ದಾರೆ ಅಂತೀರಾ?"

"ಹೌದು."

"ಪಿಟೀಲು?"

"ಇದೆ."

"ಹಾಗಾದ್ರೆ ನಿಮಗೆ ಲಾಭವೇ ಆಯ್ತಲ್ಲಮ್ಮ!"

ಟೀಚರ ಮುಖ ಕೆಂಪಗಾಯಿತು. ಒಳಗಿನಿಂದ ಇನ್‌ಸ್ಪೆಕ್ಟರ್ ಎದ್ದು ಬಂದರು. ಮೂಗಿನ ತುದಿಯಲ್ಲೇ ಕೋಪ ಎಂದು ಹೆಸರಾದ ಮನುಷ್ಯ. ದೂರು ತಂದವರ ಮುಂದೆ ಮಾತ್ರ ಆ ಕೋಪ ಎಲ್ಲಿ ಅಡಗುತ್ತಿತ್ತೋ. ಕುರ್ಚಿ ಎಳೆದು ಕೂತು, "ಮೊದಲಿಂದ ಹೇಳಿ," ಎಂದರು.

ಪಿಟೀಲು ಆಕೆಯ ತಂದೆಯದು. ಅವರು ತೀರಿಕೊಂಡ ಮೇಲೆ ಬೀರುವಿನ ಮೇಲೆ ಪೆಟ್ಟಿಗೆಯೊಳಗೇ ಇತ್ತು. ವರ್ಷಕ್ಕೊಮ್ಮೆ, ಅವರು ಹುಟ್ಟಿದ ದಿನ ಮಾತ್ರ ಹೊರಗೆ ತೆಗೆಯುವುದು. ನಿನ್ನೆ ತೆಗೆದು ನೋಡಿದರೆ ಪೆಟ್ಟಿಗೆಯೊಳಗಿನ ಕಡುನೀಲಿ ಮಖಮಲ್ಲಿನ ಅಸ್ತರು ಮಾಯ. ಅದೇ ಬಣ್ಣದ ಹೊಸ ಮಖಮಲ್ಲು ಥಳಥಳ ಹೊಳೆಯುತ್ತಿತ್ತು.

"ಅಪ್ಪನ ಪಿಟೀಲು ಮಲಗಿ ಮಲಗಿ ಆ ಬಟ್ಟೆ ಸವೆದು ಹೂವಿನ ಎಸಳಿನ ಹಾಗಾಗಿತ್ತು ಸಾರ್. ಅದರ ಮೇಲೆ ಕೈಯಾಡಿಸಿದ್ರೆ ಅಪ್ಪನ ಕೈ ಹಿಡಿದ ಹಾಗೆ. ನನಗೆ ಹೊಸದು ಬೇಡ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಟೀಚರ ಮನೆಯಲ್ಲಿ ಸ್ಥಳ ಪಂಚನಾಮೆ. ಬಾಗಿಲು ಮುರಿದಿರಲಿಲ್ಲ, ಕಿಟಕಿ ಸರಿಯಾಗಿತ್ತು. ಆದರೆ ಬಣ್ಣ ಕೆಟ್ಟ ಆ ಪೆಟ್ಟಿಗೆಯ ಬೆನ್ನಿಗೆ ಎರಡು ಹೊಸ ಹಿತ್ತಾಳೆ ಕೀಲುಗಳಿದ್ದವು.

"ಇದನ್ನ ಯಾರು ಹಾಕಿಕೊಟ್ಟಿದ್ದು?"

"ಪೆಟ್ಟಿಗೆ ರಿಪೇರಿಯವರು, ಹೋದ ಬೇಸಿಗೆಯಲ್ಲಿ. ಪಿಟೀಲು ಸಮೇತ ಕೊಟ್ಟಿದ್ದೆ, ವಾಪಸ್ ಬಂದಾಗ ತೆರೆಯದೆ ಹಾಗೇ ಮೇಲಿಟ್ಟೆ. ಅವರು ಅಂಥವರಲ್ಲ ಸಾರ್. ದುಡ್ಡು ಕೊಟ್ರೂ ತಗೊಳ್ಳಲಿಲ್ಲ."

"ಯಾಕೆ ತಗೊಳ್ಳಲಿಲ್ಲ?"

ದಫೇದಾರ ತಲೆ ಕೆರೆದುಕೊಂಡ. ಗಡಿಯಾರದ ಅಂಗಡಿಯವನೂ ಟೀ ಕುಡಿಯುವಾಗ ಇಂಥದ್ದೇ ಏನೋ ಗೊಣಗಿದ್ದ, ತಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಹೋಗಿ ನೋಡಿದರೆ ಅಲ್ಲಿ ಹಳೇ ಗಡಿಯಾರ ಇಡುವ ಪೆಟ್ಟಿಗೆಗೂ ಅದೇ ಕೀಲು, ಒಳಗೆ ಅದೇ ಹೊಸ ಬಟ್ಟೆ.

ಪೆಟ್ಟಿಗೆ ರಿಪೇರಿಯವನಿಗೆ ಅಂಗಡಿ ಮುಂದೆ, ಮನೆ ಹಿಂದೆ. ಪೊಲೀಸರನ್ನು ಕಂಡದ್ದೇ ಆತ ಸ್ಕ್ರೂಡ್ರೈವರ್ ಕೆಳಗಿಟ್ಟು, "ಮೆತ್ತಗೆ ಮಾತಾಡಿ ಸಾರ್, ಒಳಗೆ ನನ್ನ ಹೆಂಡತಿ ಇದ್ದಾಳೆ," ಎಂದ. ಅವಳು ಆಗಲೇ ಬಾಗಿಲಿಗೆ ಬಂದಾಗಿತ್ತು.

ಒಳಕೋಣೆಯ ಗಾಜಿನ ಬೀರುವಿನ ತುಂಬ ಹೆಂಡತಿ ಕೂಡಿಟ್ಟ ಬೊಂಬೆಗಳು. ಗೋಡೆಯ ಮೇಲೆ ಊರಿಗೆಲ್ಲ ಗೊತ್ತಿರುವ ರಾಣಿಯ ಫೋಟೊ: ಯಾವುದೋ ಔತಣದ ಸಂಜೆ ಆಕೆ ತೊಟ್ಟಿದ್ದ, ಕ್ಯಾಲೆಂಡರುಗಳಲ್ಲೆಲ್ಲ ಮೆರೆದ ಕಡುನೀಲಿ ಗೌನು. ಮೇಜಿನ ಮೇಲೆ ನಿಂತಿದ್ದ ಗೇಣುದ್ದದ ಬೊಂಬೆಯ ಮೈಮೇಲೂ ಅದೇ ಗೌನು, ಅದೇ ನೆರಿಗೆ, ಅದೇ ಜಾರಿದ ಭುಜ. ಇನ್‌ಸ್ಪೆಕ್ಟರಿಗೆ ಒಂದು ಕ್ಷಣ ಬಂದ ಕೆಲಸವೇ ಮರೆತುಹೋಯಿತು.

"ಅಂಗಡಿ ಮಖಮಲ್ಲಲ್ಲಿ ಹೊಲಿಯೋಕೆ ಆಗಲ್ವಾ?" ಎಂದರು.

ಹೆಂಡತಿ ಇನ್ನೊಂದು ಪುಟ್ಟ ಗೌನು ತಂದು ತೋರಿಸಿದಳು. "ಇದು ಅಂಗಡೀದು, ನೋಡಿ. ಇಷ್ಟು ಚಿಕ್ಕ ಮೈಮೇಲೆ ಹೊಸ ಬಟ್ಟೆ ಇಳಿಬೀಳೋದೇ ಇಲ್ಲ. ರಾಣಿ ಕರಡಿ ಚರ್ಮ ಹೊದ್ದ ಹಾಗಿದೆ! ಸವೆದು ತೆಳ್ಳಗಾದದ್ದೇ ಬೇಕು. ಇವರು ಹಳೇ ಬಟ್ಟೆ ಅಂಗಡಿಯಿಂದ ಹುಡುಕಿ ತಂದ್ರು. ಅಲ್ವಾ ರೀ?"

ಗಂಡ ನೆಲ ನೋಡಿದ. ಅವಳಿಗೆ ಅರ್ಥವಾಗಲು ಅಷ್ಟೇ ಸಾಕಾಯಿತು.

"ಬಾಯಿಬಿಟ್ಟು ಕೇಳಿದ್ರೆ ಕೊಡ್ತಿದ್ರಲ್ಲಯ್ಯ?" ಎಂದರು ಇನ್‌ಸ್ಪೆಕ್ಟರ್.

"ಯಾಕೆ ಅಂತ ಕೇಳ್ತಾರಲ್ಲ ಸಾರ್. ಬೊಂಬೆಗೆ ಅಂದ್ರೆ ನಗ್ತಾರೆ. ಈ ವಯಸ್ಸಲ್ಲಿ ಬೊಂಬೆ ಆಡಿಸ್ತಾಳೆ ಅಂತ ಬೀದಿಯೆಲ್ಲ ನಕ್ಕಾಗಿದೆ. ಇವಳು ಯಾರಿಗೂ ತೋರಿಸೋದನ್ನೇ ಬಿಟ್ಟಳು. ನಾನೂ ಹೋಗಿ ನಗಿಸ್ಲಾ?"

ಜಪ್ತಿ ಪಂಚನಾಮೆ ಮಾಡಿ, ಬೊಂಬೆ ಸಮೇತ ಗಂಡಹೆಂಡಿರನ್ನು ಠಾಣೆಗೆ ಕರೆತಂದರು. ಸಂಜೆ ಐದಕ್ಕೆ ಬಟ್ಟೆ ಗುರುತಿಸಲು ಟೀಚರ್ ಬಂದರು. ಗೌನಿನ ಭುಜವನ್ನು ಒಂದೇ ಬೆರಳಿನಿಂದ ಮುಟ್ಟಿದರು. ಕಣ್ಣು ತುಂಬಿ ಬಂತು.

"ಅಪ್ಪಂದೇ ಇದು."

ಹೆಂಡತಿ ಕೈಚೀಲದಿಂದ ಪುಟ್ಟ ಕತ್ತರಿ ತೆಗೆದಳು. "ಈಗಲೇ ಬಿಚ್ಚಿಕೊಡ್ತೀನಮ್ಮ. ಒಂದೆಳೆಯೂ ಹಾಳಾಗಲ್ಲ." ಬೊಂಬೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಇನ್‌ಸ್ಪೆಕ್ಟರ್ ಮೇಜು ಗುದ್ದಿದರು. "ಕತ್ತರಿ ಕೆಳಗಿಡಿ! ಇದು ಜಪ್ತಿಯಾದ ಮಾಲು. ಕೋರ್ಟಿನ ಅಪ್ಪಣೆ ಇಲ್ಲದೆ ಒಂದು ಹೊಲಿಗೆ ಬಿಚ್ಚಿದ್ರೂ ನಿಮ್ಮ ಮೇಲೂ ಕೇಸು ಹಾಕ್ತೀನಿ." ಸಾಹೇಬರು ಅಷ್ಟು ಅಕ್ಕರೆಯಿಂದ ಯಾರನ್ನೂ ಗದರಿದ್ದಿಲ್ಲ ಎಂದು ದಫೇದಾರ ಆಮೇಲೆ ಎಲ್ಲರಿಗೂ ಹೇಳಿದ.

"ಕೋರ್ಟು ವಾಪಸ್ ಕೊಟ್ಟಾಗಲೂ ಬಿಚ್ಚಬೇಡಿ," ಎಂದರು ಟೀಚರ್. "ಬಿಚ್ಚಿದ್ರೆ ಅದು ನಿಮಗೂ ಚಿಂದಿ, ನನಗೂ ಚಿಂದಿ." ಆಮೇಲೆ ರಿಪೇರಿಯವನ ಕಡೆ ತಿರುಗಿ, "ನಿಮ್ಮ ಮೇಲಿನ ಸಿಟ್ಟು ಮಾತ್ರ ಹೋಗಿಲ್ಲ," ಎಂದರು. ಆತ ತಲೆ ತಗ್ಗಿಸಿದ.

ದಫೇದಾರ ಬಂಧನದ ಕಾಗದ ಸಿದ್ಧಮಾಡಿದ. ಠಾಣೆಯಲ್ಲೇ ಜಾಮೀನು ಸಿಗುವಂಥ ಕೇಸು. ಕೃತ್ಯದ ಉದ್ದೇಶ ಏನೆಂದು ಬರೆಯಲಿ ಎಂದು ಕೇಳಿದ. ಇನ್‌ಸ್ಪೆಕ್ಟರ್ ಸ್ವಲ್ಪ ಯೋಚಿಸಿ, "ತನ್ನ ಹೆಂಡತಿಯನ್ನು ಕಂಡು ಯಾರೂ ನಗಬಾರದೆಂದು," ಎಂದು ಬರೆಸಿದರು. ಇಷ್ಟು ವರ್ಷದ ಸರ್ವಿಸಿನಲ್ಲಿ ಅಂಥ ಸಾಲು ಬರೆಸಿದ್ದು ಅದೇ ಮೊದಲು.

ಅತ್ತ ಬೆಂಚಿನ ಮೇಲೆ ಟೀಚರ್ ಬೊಂಬೆಯನ್ನು ಮೆಲ್ಲಗೆ ತಿರುಗಿಸಿದರು. "ಕ್ಯಾಲೆಂಡರಿನ ಫೋಟೊದಲ್ಲಿ ರಾಣಿಯ ಬೆನ್ನು ಕಾಣೋದೇ ಇಲ್ವಲ್ಲ. ಹಿಂದೆ ಹೀಗಿತ್ತು ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಹೆಂಡತಿ ತಡವರಿಸಿದಳು. "ಅದೊಂದು... ನಾನೇ ಯೋಚಿಸಿದ್ದು. ಭುಜದ ಹತ್ರ ಬಟ್ಟೆ ಹಿಂದಕ್ಕೆ ಎಳೆದಿದೆ ನೋಡಿ, ಅಂದ್ರೆ ಬೆನ್ನಿಗೆ ಗುಂಡಿ ಇರಲೇಬೇಕು..." ಆಮೇಲೆ ಅವಳ ಮಾತು ನಿಲ್ಲಲೇ ಇಲ್ಲ. ಗಾಳಿಯಲ್ಲೇ ನೆರಿಗೆ ಹಿಡಿದು ತೋರಿಸುತ್ತಿದ್ದಳು. ಟೀಚರ್ ಮುಂದಕ್ಕೆ ಬಾಗಿ ಕೇಳುತ್ತಿದ್ದರು.

"ಇಲ್ಲಿ ಸಹಿ ಹಾಕಪ್ಪ," ಎಂದರು ಇನ್‌ಸ್ಪೆಕ್ಟರ್.

ಪೆಟ್ಟಿಗೆ ರಿಪೇರಿಯವನಿಗೆ ಕೇಳಿಸಲಿಲ್ಲ. ಪೆನ್ನು ಹಿಡಿದು ಹಾಗೇ ಹೆಂಡತಿಯನ್ನು ನೋಡುತ್ತ ನಿಂತಿದ್ದ. ಇನ್‌ಸ್ಪೆಕ್ಟರ್ ಎರಡನೇ ಸಲ ಕರೆಯಲಿಲ್ಲ.