ದೀಪ ದೊಡ್ಡದು ಮಾಡಿ

"ರೀ... ಮೊದಲು ಆ ದೀಪ ಆರಿಸಿ!"

ಅರಸೀಕೆರೆಯ ಆ ಪುಟ್ಟ ಕೊಬ್ಬರಿ ಎಣ್ಣೆ ಮಿಲ್ಲಿಗೆ ಕಾಲಿಟ್ಟ ಶಶಿಕಿರಣ್ ಉರಿಯುತ್ತಿದ್ದ ಬಲ್ಬ್ ತೋರಿಸಿ ಆಡಿದ ಮೊದಲ ಮಾತೇ ಇದು. ಕರೆಂಟ್ ಉಳಿತಾಯ ಯೋಜನೆಯ ಸರ್ವೆಗೆ ಬಂದಿದ್ದ. ಅಪ್ಪ ತೀರಿಕೊಂಡ ಮೇಲೆ ಮಿಲ್ ನಡೆಸುತ್ತಿದ್ದ ಅರುಣಾಗೆ ಮೈಯೆಲ್ಲ ಉರಿಯಿತು.

"ಮುಸ್ಸಂಜೇಲಿ ಆರಿಸಿ ಅಂತಾರೇನ್ರೀ? ಅಪಶಕುನ! ದೀಪ ದೊಡ್ಡದು ಮಾಡಿ ಅನ್ಬೇಕು. ನಿಮ್ಮನೇಲಿ ಹೇಳ್ಕೊಟ್ಟಿಲ್ವಾ?"

"ಹಾಸ್ಟೆಲಲ್ಲಿ ಬೆಳೆದೋನು ಕಣ್ರೀ... ಯಾರು ಹೇಳ್ಕೊಡ್ತಾರೆ?"

ಅರುಣಾಳ ಸಿಟ್ಟು ಜರ್ರನೆ ಇಳಿಯಿತು. 'ಛೇ, ಯಾಕಾದ್ರೂ ಬೈದೆನೋ...'

ಸರ್ವೆಗೆ ಒಂದು ಸಲ ಬಂದರೆ ಸಾಕಿತ್ತು. ಅವನು ಐದು ಸಲ ಬಂದ! ಅರುಣಾಳ ತಾಯಿ ಸುಮಿತ್ರಮ್ಮ ಐದು ಸಲವೂ ಕಾಫಿ ಕೊಟ್ಟು, ಏನೂ ತಿಳಿಯದವರಂತೆ ಒಳಗೆ ಹೋದರು. ಅಮ್ಮಂದಿರಿಗೆ ಗೊತ್ತಾಗುವುದಿಲ್ಲವೇ?

ಆದರೆ ಅರುಣಾಳ ಎದೆಯಲ್ಲಿ ಬೇರೆಯದೇ ಭಯ. ಅಪ್ಪನ ಕಾಲದ ಮೋಟರ್ ಮಿತಿಮೀರಿ ಕರೆಂಟ್ ಎಳೆಯುತ್ತಿತ್ತು. ಯೋಜನೆಯಲ್ಲಿ ಹೊಸ ಮೋಟರ್ ಸಿಗದಿದ್ದರೆ ಅಪ್ಪನ ಮಿಲ್ಲಿಗೆ ಬೀಗವೇ ಗತಿ.

ಯೋಜನೆಯ ಪಟ್ಟಿ ಬಂತು. ಅವಳ ಅರ್ಜಿ ತಿರಸ್ಕೃತವಾಗಿತ್ತು!

ಕಾರಣ: "ಕೆಲಸ ಮುಗಿದ ಮೇಲೂ ದೀಪ ಹೆಚ್ಚಿಸುತ್ತಾರೆ. ಉಳಿತಾಯದ ಮನಸ್ಸಿಲ್ಲ."

ತಕರಾರು ಹೇಳಲು ಇವತ್ತು ಸಂಜೆ ಐದೇ ಕೊನೆ. ಗಂಟೆ ಆಗಲೇ ನಾಲ್ಕೂಕಾಲು. ಅಷ್ಟರಲ್ಲಿ ಶಶಿಕಿರಣ್ ಏದುಸಿರು ಬಿಡುತ್ತಾ ಬಂದ.

"ಉಂಡ ಮನೆಗೇ ಎರಡು ಬಗೆದ್ರಲ್ಲಾ! ಇಂಥಾ ಸುಳ್ಳು ಬರೀತೀರಾ?"

"ಅರುಣಾ, ನಾನು ಬರೆದಿದ್ದು ಒಂದೇ ಮಾತು..." ಅವನು ಫಾರಂನ ಪ್ರತಿ ಚಾಚಿದ. "'ಕೆಲಸ ಮುಗಿದ ಕೂಡಲೇ ದೀಪ ದೊಡ್ಡದು ಮಾಡುತ್ತಾರೆ' ಅಂತ. ಟೈಪ್ ಮಾಡಿದೋರು ಬೇರೆ ಥರ ತಿಳ್ಕೊಂಡಿದಾರೆ."

ಅರುಣಾ ಬೆಪ್ಪಾದಳು. "ಆಫೀಸ್ ಫಾರಂನಲ್ಲಿ ಯಾರಾದ್ರೂ ಹಂಗೆ ಬರೀತಾರೇನ್ರೀ?"

"ನೀವು ಹೇಳ್ಕೊಟ್ಟಿದ್ದು... ನಿಮ್ಮ ಹೆಸರಿನ ಮುಂದೆ 'ಆರಿಸು' ಅಂತ ಬರೆಯೋಕೆ ಕೈ ಬರ್ಲಿಲ್ಲ."

ಅಯ್ಯೋ ದೇವರೇ... ಬೈದು ಕಲಿಸಿದವಳು ಅವಳೇ! ಕಣ್ಣು ತುಂಬಿ ಬಂತು. ಅಳಲು ಹೊತ್ತೆಲ್ಲಿ?

"ಆಟೋ ಕರೀರಿ!"

ರೈಲ್ವೆ ಗೇಟ್ ಬಿದ್ದಿತ್ತು. ಗೂಡ್ಸ್ ರೈಲು ಮುಗಿಯುವುದೇ ಇಲ್ಲ! ಇಬ್ಬರೂ ಗಡಿಯಾರ ನೋಡುತ್ತಾ ಕೂತರು. ಆಫೀಸ್ ಮೆಟ್ಟಿಲು ಹತ್ತಿದಾಗ ಐದಕ್ಕೆ ನಾಲ್ಕು ನಿಮಿಷ.

ಅಧಿಕಾರಿ ಹೇಮಲತಾ ಪೂರ್ತಿ ಕೇಳಿದರು. ಮುಖ ಬಿಗಿಯಾಗಿಯೇ ಇತ್ತು.

"ನಮ್ಮಜ್ಜಿನೂ ಹಿಂಗೇ ಅಂತಿದ್ರು," ಎಂದು ಕೊನೆಗೆ ನಕ್ಕು, ತಿದ್ದುಪಡಿಗೆ ಸಹಿ ಹಾಕಿದರು. "ಶಶಿಕಿರಣ್, ಇನ್ಮುಂದೆ 'ಸ್ವಿಚ್ ಆಫ್' ಅಂತ ಬರೀರಿ!"

ಮಿಲ್ಲಿಗೆ ಮರಳುವಾಗ ಮುಸ್ಸಂಜೆ. ಬಾಗಿಲ ಹತ್ತಿರವೇ ಅವನು ನಿಂತುಬಿಟ್ಟ.

"ಸರ್ವೆ ಮುಗೀತು. ಇನ್ನು ನೆಪ ಇಲ್ಲ... ನೆಪ ಇಲ್ದೇನೂ ಬರ್ಬಹುದಾ ಅರುಣಾ? ಜೀವನಪೂರ್ತಿ?"

ದೀಪ ಹಾಕಲು ಹೋದ ಅವಳ ಬೆರಳು ಸ್ವಿಚ್ ಮೇಲೇ ಉಳಿಯಿತು.

"ಅಮ್ಮ ಅಂತಿದ್ರು... ಈ ಮನೆಗೆ ದೀಪ ದೊಡ್ಡದು ಮಾಡೋರು ಒಬ್ಬರು ಬೇಕು ಅಂತ."

"ಆರಿಸೋಕಾ?" ಅವನ ಮುಖ ಬಾಡಿತು.

"ಥೂ, ಪೆದ್ದು! ಈ ಸಲ ನಿಜವಾಗ್ಲೂ ದೊಡ್ಡದು ಮಾಡೋಕೆ ಕಣ್ರೀ..."